ಆಕಾರ ಒಂದೇ, ತಲೆಮಾರು ಹಲವು

ಹಳೇ ಲ್ಯಾಪ್‌ಟಾಪಿಗೆ ಹೊಸ ಮೆಮೊರಿ ಕಾರ್ಡ್ ಹಾಕಿದರೆ ಕೆಲವೊಮ್ಮೆ ‘ಫಾರ್ಮ್ಯಾಟ್ ಮಾಡಲೇ?’ ಎಂದು ಕೇಳುತ್ತದೆ. ಹೂಂ ಅಂದರೆ ಮದುವೆ ಫೋಟೊಗಳೆಲ್ಲ ಹೋದಂತೆಯೇ. ಕಾರ್ಡ್ ಕೆಟ್ಟಿರಲೇಬೇಕೆಂದಿಲ್ಲ.

ಕರೆಂಟಿಲ್ಲದಿದ್ದರೂ ಮಾಹಿತಿ ಉಳಿಸಿಕೊಳ್ಳುವ ಫ್ಲ್ಯಾಶ್ ಮೆಮೊರಿಯನ್ನು ಜಪಾನಿನ ತೋಷಿಬಾದ ಫುಜಿಯೊ ಮಸುವೊಕಾ 1984ರಲ್ಲಿ ಜಗತ್ತಿನ ಮುಂದಿಟ್ಟರು. 1999ರಲ್ಲಿ ಮೂರು ಕಂಪನಿಗಳು ಸೇರಿ ಎಸ್‌ಡಿ ಕಾರ್ಡ್ ರೂಪಿಸಿದವು. ಅದರ ಮಿತಿ 2 ಜಿಬಿ. 2006ರ ಎಸ್‌ಡಿಎಚ್‌ಸಿ 32 ಜಿಬಿಗೆ, 2009ರ ಎಸ್‌ಡಿಎಕ್ಸ್‌ಸಿ 2 ಟಿಬಿಗೆ ಏರಿದವು. ಆಕಾರ ಮಾತ್ರ ಬದಲಾಗಲಿಲ್ಲ. ಹೊಸ ರೀಡರ್ ಹಳೇ ಕಾರ್ಡನ್ನು ಓದುತ್ತದೆ. ಹಳೇ ರೀಡರಿಗೆ ಹೊಸ ಕಾರ್ಡ್ ಓದಲು ಬಾರದಿರಬಹುದು. ಫೋನಿನ ಮೈಕ್ರೊ ಎಸ್‌ಡಿಗೂ ಇದೇ ಲೆಕ್ಕ.

ಅಂಗಡಿಯಲ್ಲಿ ಜಿಬಿ ಕೇಳುವ ಮೊದಲು ನಮ್ಮ ಲ್ಯಾಪ್‌ಟಾಪ್ ಯಾವ ತಲೆಮಾರಿನದೆಂದು ನೋಡೋಣ. ಹಳೆಯದಾದರೆ ಎಸ್‌ಡಿಎಕ್ಸ್‌ಸಿ ಎಂದು ಬರೆದಿರುವ ಯುಎಸ್‌ಬಿ ರೀಡರ್ ಕೊಳ್ಳೋಣ. ಫಾರ್ಮ್ಯಾಟ್ ಕೇಳಿದರೆ ‘ಬೇಡ’ ಒತ್ತಿ, ಫೋಟೊ ತೆಗೆದ ಫೋನು, ಕ್ಯಾಮೆರಾದಲ್ಲೇ ಮೊದಲು ತೆರೆದು ನೋಡೋಣ.