ಹಳೆಯ ಪಿಕಪ್, ಬೆನ್ನಿಗೊಂದು ಗಾಲಿಮನೆ: ಎಳೆಯುವುದಕ್ಕಿಂತ ನಿಲ್ಲಿಸುವುದೇ ಸವಾಲು

ಕಡೂರಿನ ತೆಂಗಿನ ಬಯಲು, ತರೀಕೆರೆಯ ಅಡಿಕೆ ತೋಟಗಳು, ಅಜ್ಜಂಪುರದ ಈರುಳ್ಳಿ ಹೊಲಗಳು. ಈ ಮೂರು ತಾಲ್ಲೂಕುಗಳ ರಸ್ತೆಗಳಲ್ಲಿ ಬೆನ್ನಿಗೆ ಇನ್ನೊಂದು ಗಾಡಿ ಕಟ್ಟಿಕೊಂಡು ಸಾಗುವ ವಾಹನ ಹೊಸ ನೋಟವೇನಲ್ಲ. ಸುಗ್ಗಿಯ ದಿನಗಳಲ್ಲಿ ಫಸಲು ತುಂಬಿದ ಟ್ರ್ಯಾಕ್ಟರ್ ಟ್ರೇಲರುಗಳು ಹೆದ್ದಾರಿಯ ಅಂಚಿನಲ್ಲಿ ಸಾಲುಗಟ್ಟುವುದು ವಾಡಿಕೆ. ಆದರೆ ಅದೇ ಟ್ರೇಲರಿನ ಮೇಲೆ ಮಲಗಲು ಮಂಚ, ಅಡುಗೆಗೆ ಒಲೆ, ಕಿಟಕಿಗೆ ಪರದೆ ಇರುವ ಪುಟ್ಟ ಮನೆಯನ್ನು ಕೂರಿಸಿ, ಅದನ್ನು ಹಳೆಯ ಕಾಲದ ಜೀಪಿಗೋ ಪಿಕಪ್‌ಗೋ ಕಟ್ಟಿ ಪ್ರವಾಸ ಹೊರಡುವುದು ಬೇರೆಯದೇ ಸಂಗತಿ. ಇಂತಹ ಸಾಹಸಕ್ಕೆ ಕೈಹಾಕುವವರು ಮೊದಲು ಕೇಳುವ ಪ್ರಶ್ನೆ, ‘ಎಂಜಿನ್ ಎಳೆದೀತೇ?’ ಎಂಬುದು. ವಾಸ್ತವವಾಗಿ ಕೇಳಬೇಕಾದ ಪ್ರಶ್ನೆ, ‘ಬ್ರೇಕ್ ಹಿಡಿದಾಗ ನಿಂತೀತೇ?’ ಎಂಬುದಾಗಿದೆ.

ಫಿರಂಗಿ ಎಳೆದ ನೆಲ

ಭಾರ ಎಳೆಯುವ ವಿದ್ಯೆಗೆ ಈ ಸೀಮೆ ಹಿಂದಿನಿಂದಲೂ ಹೆಸರಾದದ್ದು. ತರೀಕೆರೆಯಿಂದ ಬೇರ್ಪಟ್ಟು ಪ್ರತ್ಯೇಕ ತಾಲ್ಲೂಕಾಗಿರುವ ಅಜ್ಜಂಪುರದಲ್ಲಿ ಅಮೃತ್ ಮಹಲ್ ತಳಿ ಸಂವರ್ಧನಾ ಕೇಂದ್ರವಿದೆ. ಮೈಸೂರು ಅರಸರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎನಿಸಿಕೊಂಡಿದ್ದ ಇಲಾಖೆಗೆ ‘ಅಮೃತ್ ಮಹಲ್’ ಎಂಬ ಹೆಸರು ಬಂದದ್ದು ಟಿಪ್ಪು ಸುಲ್ತಾನನ ಆಳ್ವಿಕೆಯಲ್ಲಿ. ಈ ಎತ್ತುಗಳು ಸೈನ್ಯದ ಫಿರಂಗಿಗಳನ್ನೂ ಸರಂಜಾಮನ್ನೂ ಎಳೆಯುತ್ತಿದ್ದವು. ಇವುಗಳ ಬಲದಿಂದಲೇ ಹೈದರಾಲಿಯು ಚಿದಂಬರದ ರಕ್ಷಣೆಗೆಂದು ಎರಡೂವರೆ ದಿನದಲ್ಲಿ 100 ಮೈಲಿ ಕ್ರಮಿಸಿದನೆಂದು ಮೈಸೂರು ಗೆಜೆಟಿಯರ್ ದಾಖಲಿಸಿದೆ.

ಎತ್ತಿನ ಗಾಡಿ ಹೊಡೆದವರಿಗೆ ಗೊತ್ತಿರುವ ಎರಡು ಸತ್ಯಗಳು ಮೋಟಾರು ಯುಗದಲ್ಲೂ ಬದಲಾಗಿಲ್ಲ. ಗಾಡಿಯಲ್ಲಿ ಹೇರು ಎಲ್ಲಿ ಕೂತಿದೆ ಎಂಬುದು ಹೇರು ಎಷ್ಟಿದೆ ಎಂಬುದರಷ್ಟೇ ಮುಖ್ಯ. ಇಳಿಜಾರಿನಲ್ಲಿ ಗಾಡಿಯೇ ಎತ್ತುಗಳನ್ನು ನೂಕುತ್ತದೆ.

ಕುದುರೆಯಿಂದ ಪಿಕಪ್‌ವರೆಗೆ

ವಿಹಾರಕ್ಕೆಂದೇ ಗಾಲಿಮನೆ ಕಟ್ಟಿಸುವ ಹವ್ಯಾಸದ ಆರಂಭವನ್ನು ಸಾಮಾನ್ಯವಾಗಿ ಬ್ರಿಟನ್ನಿನಲ್ಲಿ ಗುರುತಿಸಲಾಗುತ್ತದೆ. ನೌಕಾಪಡೆಯ ವೈದ್ಯರೂ ಲೇಖಕರೂ ಆಗಿದ್ದ ವಿಲಿಯಂ ಗಾರ್ಡನ್ ಸ್ಟೇಬಲ್ಸ್ 1885ರಲ್ಲಿ ‘ವಾಂಡರರ್’ ಎಂಬ ಕ್ಯಾರವಾನ್ ಮಾಡಿಸಿಕೊಂಡರು. ಅದನ್ನು ಎಳೆದದ್ದು ಕುದುರೆಗಳು. ಮೊದಲ ಮಹಾಯುದ್ಧ ಮುಗಿದ ಬಳಿಕ, 1919ರ ಹೊತ್ತಿಗೆ, ಬರ್ಮಿಂಗ್‌ಹ್ಯಾಮಿನ ಎಕಲ್ಸ್ ಸಂಸ್ಥೆ ಮೋಟಾರು ಎಳೆಯುವ ಕ್ಯಾರವಾನ್‌ಗಳ ತಯಾರಿಕೆಗೆ ಇಳಿಯಿತು. ಅಮೆರಿಕದಲ್ಲಿ ಫೋರ್ಡ್ ಸಂಸ್ಥೆ 1925ರಲ್ಲಿ ತನ್ನ ಮಾಡೆಲ್ ಟಿ ಕಾರಿಗೆ ಕಾರ್ಖಾನೆಯಲ್ಲೇ ಪಿಕಪ್ ಮೈ ಜೋಡಿಸಿ ಮಾರಿತು. 1936ರಲ್ಲಿ ವಾಲಿ ಬಯಾಮ್ ಅವರ ಏರ್‌ಸ್ಟ್ರೀಮ್ ಸಂಸ್ಥೆಯ ‘ಕ್ಲಿಪ್ಪರ್’ ಬಂದಿತು. ಅಲ್ಯೂಮಿನಿಯಂ ತಗಡನ್ನು ವಿಮಾನದ ಮಾದರಿಯಲ್ಲಿ ರಿವೆಟ್ ಹೊಡೆದು ಕಟ್ಟಿದ ಈ ಗಾಲಿಮನೆಯ ಬೆಳ್ಳಿಯ ಮೈ ಮುಂದೆ ಈ ಹವ್ಯಾಸದ ಗುರುತೇ ಆಯಿತು.

ಭಾರತದಲ್ಲಿ ಇದಕ್ಕೆ ಹತ್ತಿರದ ಜೋಡಿಯೆಂದರೆ ಜೀಪು ಮತ್ತು ಅದರ ಟ್ರೇಲರ್. ಎರಡನೇ ಮಹಾಯುದ್ಧದಲ್ಲಿ ವಿಲ್ಲೀಸ್ ಜೀಪಿನ ಹಿಂದೆ ಎಳೆಯಲೆಂದು ಕಾಲು ಟನ್ ಟ್ರೇಲರುಗಳನ್ನು ತಯಾರಿಸಲಾಗಿತ್ತು. 1940ರ ದಶಕದ ಕೊನೆಯಲ್ಲಿ ಮಹೀಂದ್ರ ಸಂಸ್ಥೆ ಮುಂಬಯಿಯಲ್ಲಿ ವಿಲ್ಲೀಸ್ ಜೀಪುಗಳ ಜೋಡಣೆ ಆರಂಭಿಸಿತು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಯುದ್ಧಕಾಲದ ಜೀಪಿಗೆ 2.2 ಲೀಟರಿನ, 60 ಅಶ್ವಶಕ್ತಿಯ ಎಂಜಿನ್ ಇತ್ತು. ಅದು ಎಳೆಯಲೆಂದು ರೂಪಿಸಿದ ಟ್ರೇಲರಿನ ಹೇರಿನ ಮಿತಿ 500 ಪೌಂಡು, ಅಂದರೆ ಸುಮಾರು 227 ಕೆ.ಜಿ. ಮಾತ್ರ. ಆ ಟ್ರೇಲರಿಗೆ ನಿಲ್ಲಿಸಿದಾಗ ಹಾಕುವ ಕೈಬ್ರೇಕ್ ಹೊರತು ಓಡುವಾಗ ಕೆಲಸ ಮಾಡುವ ಬ್ರೇಕ್ ಇರಲಿಲ್ಲ. ಮಂಚ, ನೀರಿನ ಟ್ಯಾಂಕು, ಗ್ಯಾಸ್ ಸಿಲಿಂಡರುಗಳಿರುವ ಗಾಲಿಮನೆಯ ತೂಕ ಇದರ ಹಲವು ಪಟ್ಟು.

ಮೂಕಿಯ ಮೇಲಿನ ಭಾರ

ಎತ್ತಿನ ಗಾಡಿಯಲ್ಲಿ ಹೇರು ಮುಂದೆ ಹೆಚ್ಚಾದರೆ ಮುಂಭಾರ. ನೊಗ ಎತ್ತಿನ ಹೆಗಲನ್ನು ಒತ್ತುತ್ತದೆ. ಹಿಂದೆ ಹೆಚ್ಚಾದರೆ ಹಿಂಭಾರ. ಮೂಕಿ ಮೇಲೆದ್ದು ಹಗ್ಗ ಎತ್ತಿನ ಕೊರಳನ್ನು ಹಿಡಿಯುತ್ತದೆ. ಗಾಲಿಮನೆಗೂ ಮೂಕಿಯಿದೆ. ಪಿಕಪ್‌ನ ಹುಕ್ಕಿಗೆ ಸಿಕ್ಕಿಸುವ ಆ ತುದಿಯ ಮೇಲೆ ಟ್ರೇಲರಿನ ಒಟ್ಟು ತೂಕದ ಶೇ 10ರಿಂದ 15ರಷ್ಟು ಭಾರ ಕೂರಬೇಕೆಂಬುದು ಸಾಮಾನ್ಯ ನಿಯಮ. 800 ಕೆ.ಜಿ. ಗಾಲಿಮನೆಗೆ ಇದು 80ರಿಂದ 120 ಕೆ.ಜಿ. ಆಗುತ್ತದೆ.

ಇದಕ್ಕಿಂತ ಕಡಿಮೆಯಾದರೆ ವೇಗದಲ್ಲಿ ಟ್ರೇಲರಿನ ಬಾಲ ಅತ್ತಿತ್ತ ಬೀಸತೊಡಗುತ್ತದೆ. ಬೀಸು ಹೆಚ್ಚುತ್ತಾ ಹೋದರೆ ಮುಂದಿನ ವಾಹನವನ್ನೂ ತಿರುಗಿಸಿ ಬೀಳಿಸಬಲ್ಲದು. ಹೆಚ್ಚಾದರೆ ಪಿಕಪ್‌ನ ಹಿಂಭಾಗ ಕುಸಿದು ಮೂತಿ ಮೇಲೇಳುತ್ತದೆ. ಮುಂದಿನ ಚಕ್ರಗಳ ಹಿಡಿತ ಸಡಿಲಗೊಂಡು ಸ್ಟೇರಿಂಗ್ ಹಗುರಾಗುತ್ತದೆ. ರಾತ್ರಿ ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ.

ಈ ಭಾರವನ್ನು ತಿಳಿಯಲು ಲಾರಿ ತೂಗುವ ವೇ ಬ್ರಿಡ್ಜ್ ಸಾಕು. ಮೊದಲು ಟ್ರೇಲರನ್ನು ಬಿಚ್ಚಿ ಪೂರ್ತಿಯಾಗಿ ತೂಗಬೇಕು. ಬಳಿಕ ಪಿಕಪ್‌ಗೆ ಸಿಕ್ಕಿಸಿ, ಟ್ರೇಲರಿನ ಚಕ್ರಗಳನ್ನಷ್ಟೇ ತೂಕದ ಹಲಗೆಯ ಮೇಲೆ ನಿಲ್ಲಿಸಿ ತೂಗಬೇಕು. ಎರಡರ ವ್ಯತ್ಯಾಸವೇ ಮೂಕಿಯ ಭಾರ. ನೀರು, ಪಾತ್ರೆ, ಹಾಸಿಗೆ ಎಲ್ಲವನ್ನೂ ತುಂಬಿದ ನಂತರವೇ ತೂಗುವುದು ಕ್ರಮ. ಭಾರವಾದ ಸಾಮಾನು ಅಚ್ಚಿನ ಆಸುಪಾಸಿನಲ್ಲಿ, ನೆಲಮಟ್ಟಕ್ಕೆ ಹತ್ತಿರ ಇರಬೇಕು.

ಬ್ರೇಕಿನ ಲೆಕ್ಕ

1,200 ಕೆ.ಜಿ. ತೂಕದ ಹಳೆಯ ಜೀಪು ಗಂಟೆಗೆ 40 ಕಿ.ಮೀ. ವೇಗದಲ್ಲಿ ಒಂಟಿಯಾಗಿ ಹೋಗುತ್ತಿದೆ ಎಂದಿಟ್ಟುಕೊಳ್ಳಿ. ಅದೇ ಜೀಪು 800 ಕೆ.ಜಿ. ಗಾಲಿಮನೆ ಕಟ್ಟಿಕೊಂಡು 60 ಕಿ.ಮೀ. ವೇಗದಲ್ಲಿ ಹೋದರೆ, ನಿಲ್ಲಿಸುವಾಗ ಬ್ರೇಕ್ ನುಂಗಬೇಕಾದ ಶಕ್ತಿ ಮೂರೂಮುಕ್ಕಾಲು ಪಟ್ಟು ಹೆಚ್ಚುತ್ತದೆ. ತೂಕದ ಜತೆಗೆ ವೇಗದ ವರ್ಗವೂ ಈ ಲೆಕ್ಕಕ್ಕೆ ಸೇರುವುದೇ ಇದಕ್ಕೆ ಕಾರಣ.

ಆ ಕಾಲದ ವಾಹನಗಳಿಗಿರುವುದು ಡ್ರಮ್ ಬ್ರೇಕ್. ಉದ್ದನೆಯ ಇಳಿಜಾರಿನಲ್ಲಿ ಮತ್ತೆ ಮತ್ತೆ ಒತ್ತಿದರೆ ಡ್ರಮ್ ಕಾದು ಹಿಗ್ಗುತ್ತದೆ, ಲೈನಿಂಗ್ ಹಿಡಿತ ಕಳೆದುಕೊಳ್ಳುತ್ತದೆ. ಹಳೆಯ ಜೀಪುಗಳಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ದ್ರವಮಾರ್ಗ; ಒಂದು ಪೈಪು ಒಡೆದರೂ ಎಲ್ಲ ಚಕ್ರಗಳ ಬ್ರೇಕ್ ಹೋಗುತ್ತದೆ. ಆದ್ದರಿಂದ ಗಾಲಿಮನೆಗೆ ಅದರದೇ ಆದ ಬ್ರೇಕ್ ಇರಲೇಬೇಕು. ಇದರಲ್ಲಿ ಎರಡು ಬಗೆ ಪ್ರಚಲಿತ. ಮುಂದಿನ ವಾಹನ ನಿಧಾನಿಸಿದಾಗ ಟ್ರೇಲರ್ ನೂಕುವ ಒತ್ತಡದಿಂದಲೇ ಮೂಕಿಯೊಳಗಿನ ಸರಳು ಒಳಸರಿದು ಬ್ರೇಕ್ ಹಿಡಿಯುವುದು ಒಂದು. ಚಾಲಕನ ಬಳಿಯ ನಿಯಂತ್ರಕದಿಂದ ವಿದ್ಯುತ್ ಹರಿದು ಹಿಡಿಯುವುದು ಇನ್ನೊಂದು. ಯುದ್ಧಕಾಲದ ಜೀಪಿನ ವಿದ್ಯುತ್ ವ್ಯವಸ್ಥೆ 6 ವೋಲ್ಟಿನದು. ಇಂದಿನ ಟ್ರೇಲರ್ ದೀಪ, ಬ್ರೇಕುಗಳು ಬೇಡುವುದು 12 ವೋಲ್ಟ್. ಇದನ್ನು ಹೊಂದಿಸದೆ ತಂತಿ ಜೋಡಿಸುವುದು ವ್ಯರ್ಥ.

ಹುಕ್ಕನ್ನು ಬಂಪರಿಗೆ ಬೆಸೆಯುವುದು ಸಲ್ಲದು. ಎಳೆತದ ಭಾರ ಚಾಸಿಗೆ ಹೋಗಬೇಕು. ಹುಕ್ಕಿನ ಜತೆಗೆ ಎರಡು ಸರಪಣಿಗಳನ್ನು ಮೂಕಿಯ ಕೆಳಗೆ ಕತ್ತರಿಯಾಕಾರದಲ್ಲಿ ಕಟ್ಟಿದರೆ, ಪಿನ್ ಕಳಚಿದರೂ ಮೂಕಿ ನೆಲಕ್ಕೆ ಚುಚ್ಚದೆ ಸರಪಣಿಯ ಮೇಲೆ ನಿಲ್ಲುತ್ತದೆ.

ಹಳೆಯ ಗಾಲಿಮನೆಯಾದರೆ ಇನ್ನೂ ಮೂರು ಪರೀಕ್ಷೆಗಳು ಅಗತ್ಯ. ಮಳೆನೀರು ಇಳಿದು ಮರದ ಚೌಕಟ್ಟು ಲಡ್ಡಾಗಿದೆಯೇ ಎಂದು ಮೂಲೆಗಳನ್ನು ಚುಚ್ಚಿ ನೋಡಬೇಕು. ಚಕ್ರದ ಬೇರಿಂಗ್ ಬಿಚ್ಚಿ ಹೊಸ ಗ್ರೀಸ್ ತುಂಬಬೇಕು. ಟೈರಿನ ಪಕ್ಕದ ನಾಲ್ಕಂಕಿ ಓದಬೇಕು: 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು. ನಿಂತಲ್ಲೇ ನಿಂತ ಟೈರು ಸವೆಯದಿದ್ದರೂ ಬಿರಿಯುತ್ತದೆ.

ಕಾನೂನು ಏನನ್ನುತ್ತದೆ?

1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ‘ಮೋಟಾರು ವಾಹನ’ ಎಂಬ ಪದದೊಳಗೆ ಟ್ರೇಲರೂ ಸೇರಿದೆ. ಹೀಗಾಗಿ ಎಳೆಯುವ ಪಿಕಪ್‌ಗೆ ದಾಖಲೆ ಇದ್ದ ಮಾತ್ರಕ್ಕೆ ಸಾಲದು. ಗಾಲಿಮನೆಗೂ ಪ್ರತ್ಯೇಕ ನೋಂದಣಿ ಬೇಕು. ಖಾಸಗಿ ಬಳಕೆಯ ಕ್ಯಾಂಪರ್ ವ್ಯಾನ್ ಅಥವಾ ಟ್ರೇಲರನ್ನು ಕೇಂದ್ರ ಸರ್ಕಾರದ 2004ರ ಅಧಿಸೂಚನೆಯು ಸಾರಿಗೇತರ ವಾಹನಗಳ ಪಟ್ಟಿಯಲ್ಲಿ ಇರಿಸಿದೆ. ಸ್ಥಳೀಯ ವೆಲ್ಡಿಂಗ್ ಶೆಡ್ಡಿನಲ್ಲಿ ಮನೆ ಕಟ್ಟಿಸುವ ಮೊದಲೇ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಲೇಸು. ಈ ಭಾಗದಲ್ಲಿ ಕೆಎ–66 ಸಂಖ್ಯೆಯ ಕಚೇರಿ ತರೀಕೆರೆಯಲ್ಲಿದೆ.

ವಿಂಟೇಜ್ ನೋಂದಣಿಯ ವಿಷಯದಲ್ಲಿ ಎಚ್ಚರ ಬೇಕು. 2021ರ ಜುಲೈನಲ್ಲಿ ಪ್ರಕಟವಾದ ಕೇಂದ್ರದ ನಿಯಮಗಳಂತೆ 50 ವರ್ಷ ದಾಟಿದ, ಮೂಲ ಸ್ವರೂಪದಲ್ಲೇ ಉಳಿದಿರುವ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ ‘ವಿಎ’ ಅಕ್ಷರಗಳಿರುವ ವಿಶೇಷ ಸಂಖ್ಯೆ ದೊರೆಯುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಶುಲ್ಕವನ್ನು ನಿಯಮ ಗೊತ್ತುಮಾಡಿತು. ಅವಧಿ 10 ವರ್ಷ. ಆದರೆ ಇಂತಹ ವಾಹನವನ್ನು ನಿತ್ಯದ ಓಡಾಟಕ್ಕಾಗಲೀ ವಾಣಿಜ್ಯ ಉದ್ದೇಶಕ್ಕಾಗಲೀ ರಸ್ತೆಗಿಳಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಇಂಧನ ತುಂಬಿಸುವುದು, ದುರಸ್ತಿ ಮುಂತಾದ ಕಾರಣಗಳಿಗಷ್ಟೇ ಅವಕಾಶ. ಚಾಸಿ, ಮೈಕಟ್ಟು, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡು ಆಗಿದ್ದರೆ ವಿಂಟೇಜ್ ಮಾನ್ಯತೆಯೂ ಇಲ್ಲ. ಗಾಲಿಮನೆ ಎಳೆದು ಊರೂರು ಸುತ್ತುವ ಆಸೆಯಿರುವವರು ಪಿಕಪ್‌ನ ಸಾಮಾನ್ಯ ನೋಂದಣಿಯನ್ನೇ ಕಾಲಕಾಲಕ್ಕೆ ನವೀಕರಿಸಿಕೊಳ್ಳುವುದು ಸೂಕ್ತ.

ಮೂರು ತಾಲ್ಲೂಕುಗಳ ದಾರಿ

ಕಡೂರಿನಿಂದ ಬೀರೂರು ಮಾರ್ಗವಾಗಿ ತರೀಕೆರೆಗೆ ಹೋಗುವ ಹೆದ್ದಾರಿ ಇಂತಹ ಜೋಡಿಗೆ ಅನುಕೂಲವಾದದ್ದು. 1196ರಲ್ಲಿ ಹೊಯ್ಸಳರ ಇಮ್ಮಡಿ ಬಲ್ಲಾಳನ ಕಾಲದಲ್ಲಿ ನಿರ್ಮಾಣವಾದ ಅಮೃತಾಪುರದ ಅಮೃತೇಶ್ವರ ದೇಗುಲ, ಲಕ್ಕವಳ್ಳಿಯ ಭದ್ರಾ ಅಣೆಕಟ್ಟು, ಸಖರಾಯಪಟ್ಟಣದ ಬಳಿಯ ಅಯ್ಯನಕೆರೆ ಈ ಸುತ್ತಿನಲ್ಲಿ ನೋಡತಕ್ಕ ತಾಣಗಳು. ಆದರೆ 1,434 ಮೀಟರ್ ಎತ್ತರದ ಕೆಮ್ಮಣ್ಣುಗುಂಡಿಯ ಘಟ್ಟದ ದಾರಿಗೆ ಹಳೆಯ ಪಿಕಪ್ ಮತ್ತು ಗಾಲಿಮನೆಯ ಜೋಡಿ ತಕ್ಕುದಲ್ಲ. ತಿರುವಿನಲ್ಲಿ ಟ್ರೇಲರಿನ ಚಕ್ರಗಳು ಮುಂದಿನ ವಾಹನದ ಜಾಡು ಬಿಟ್ಟು ಒಳಕ್ಕೆ ಸರಿಯುತ್ತವೆ. ಕಡಿದಾದ ತಿರುವಿನಲ್ಲಿ ಹಿಂದಕ್ಕೆ ಸರಿಸುವುದೂ ಕಷ್ಟ. ಗಾಲಿಮನೆಯನ್ನು ಲಿಂಗದಹಳ್ಳಿಯಲ್ಲೇ ಬಿಟ್ಟು ಪಿಕಪ್ ಮಾತ್ರ ಮೇಲೇರುವುದು ವಿವೇಕ.

ಬಯಲಿನ ರಸ್ತೆಗಳಿಗೂ ತಮ್ಮದೇ ಆದ ಅಪಾಯಗಳಿವೆ. ಸುಗ್ಗಿಯಲ್ಲಿ ರಾಗಿ, ಹುರುಳಿಯನ್ನು ಡಾಂಬರಿನ ಮೇಲೆ ಹರಡಿ ಒಕ್ಕಣೆ ಮಾಡುವುದುಂಟು. ಹುಲ್ಲು ಅಚ್ಚಿಗೆ ಸುತ್ತಿಕೊಂಡರೆ, ಕಾದ ಸೈಲೆನ್ಸರಿಗೆ ತಗುಲಿದರೆ ಬೆಂಕಿಯ ಭಯ. ಬ್ರೇಕ್ ಒತ್ತಿದರೆ ಜಾರುವ ಭಯ. ಆಷಾಢದ ಗಾಳಿ ಎತ್ತರದ ಗಾಲಿಮನೆಯನ್ನು ಪಕ್ಕದಿಂದ ನೂಕುತ್ತದೆ. ಹಳ್ಳಿಯ ರಸ್ತೆಯುಬ್ಬುಗಳಲ್ಲಿ ತಗ್ಗಾದ ಮೂಕಿ ನೆಲಕ್ಕೆ ತಾಗುತ್ತದೆ. ರಾತ್ರಿ ಹಿಂಬದಿ ದೀಪವಿಲ್ಲದ ಟ್ರೇಲರ್ ಎದುರಾಗುವ ಸಂಭವವೂ ಇದೆ. ಈ ಕಾರಣಗಳಿಂದ ಹಗಲು ಪಯಣ, ತಗ್ಗಿದ ವೇಗ, ಹಿಂಬದಿಯಲ್ಲಿ ಕೆಂಪು ಪ್ರತಿಫಲಕ ಪಟ್ಟಿ ಇವು ಕಡ್ಡಾಯವೆಂದೇ ಭಾವಿಸಬೇಕು. ಯಾವ ಗೇರಿನಲ್ಲಿ ಏರು ಹತ್ತಿತೋ ಅದೇ ಗೇರಿನಲ್ಲಿ ಇಳಿಯಬೇಕೆಂಬ ಹಳೆಯ ಚಾಲಕರ ಮಾತನ್ನು ಮರೆಯುವಂತಿಲ್ಲ. ಗಾಡಿ ಓಡುವಾಗ ಗಾಲಿಮನೆಯೊಳಗೆ ಮಕ್ಕಳಾಗಲೀ ಹಿರಿಯರಾಗಲೀ ಕೂರಬಾರದು. ಗ್ಯಾಸ್ ಸಿಲಿಂಡರಿನ ವಾಲ್ವ್ ಮುಚ್ಚಿರಬೇಕು.

ಹಿಂದಕ್ಕೆ ಸರಿಸುವ ಕಲೆಯನ್ನು ಕಲಿಯಲು ಮಾತ್ರ ಈ ಸೀಮೆಯಲ್ಲಿ ಗುರುಗಳಿಗೆ ಕೊರತೆಯಿಲ್ಲ. ಟ್ರೇಲರಿನ ಬಾಲ ಎಡಕ್ಕೆ ಹೋಗಬೇಕಾದರೆ ಸ್ಟೇರಿಂಗನ್ನು ಮೊದಲು ಬಲಕ್ಕೆ ತಿರುಗಿಸಬೇಕೆಂಬುದು ಕಣದಲ್ಲಿ ಟ್ರ್ಯಾಕ್ಟರ್ ಓಡಿಸುವ ಯುವಕರಿಗೆ ಕರತಲಾಮಲಕ. ಖಾಲಿ ಮೈದಾನದಲ್ಲಿ ಅವರ ಪಕ್ಕ ಕುಳಿತು ಅರ್ಧ ದಿನ ಅಭ್ಯಾಸ ಮಾಡುವುದು ಮತ್ತು ಅದೇ ಮೈದಾನದಲ್ಲಿ 20, 30, 40 ಕಿ.ಮೀ. ವೇಗದಿಂದ ಬ್ರೇಕ್ ಒತ್ತಿ, ಎಷ್ಟು ದೂರಕ್ಕೆ ನಿಂತಿತೆಂದು ಹೆಜ್ಜೆಯಲ್ಲಿ ಅಳೆಯುವುದು ಹೊರಡುವ ಮುನ್ನ ಆಗಬೇಕಾದ ಕೆಲಸ. ಆ ಹೆಜ್ಜೆಗಳ ಲೆಕ್ಕ ಸಮಾಧಾನ ತಾರದಿದ್ದರೆ, ಎಂಜಿನ್ ಎಷ್ಟೇ ಗಟ್ಟಿಯಾಗಿದ್ದರೂ ಪ್ರವಾಸವನ್ನು ಮುಂದೂಡುವುದೇ ಸರಿ.