ಹಗೇವಿನ ಜೋಳ, ಬಾವಿಯ ನೀರು

ಧಾರಾವಿ ಮೂಲತಃ ಮಾಹಿಮ್ ಖಾಡಿಯ ದಡದ ಕೋಳಿ ಮೀನುಗಾರರ ಊರು. ತಮಿಳುನಾಡಿನ ಚರ್ಮ ಹದ ಮಾಡುವವರು, ಸೌರಾಷ್ಟ್ರದ ಕುಂಬಾರರು ಬಂದು ನೆಲೆಸಿದ ಕಥೆ ಎಲ್ಲರಿಗೂ ಗೊತ್ತು. ಕಲಬುರಗಿ, ವಿಜಯಪುರದ ಕಡೆಯಿಂದ ಬಂದ ನಮ್ಮವರ ಕಥೆ ಅಷ್ಟಾಗಿ ಯಾರೂ ಬರೆದಿಲ್ಲ. ಅಲ್ಲಿಯ ಹಿರಿಯರನ್ನು ಕೇಳಿ ನೋಡಿ, “ಬರ ಬಿತ್ತರೀ, ಬಂದ್ವಿ” ಎನ್ನುತ್ತಾರೆ. 1972ರ ಬರ ಇನ್ನೂ ಎಷ್ಟೋ ಮನೆಗಳ ಮಾತಿನಲ್ಲಿದೆ.

ಒಂದು ವರ್ಷ ಮಳೆ ಹೋದ ಮಾತ್ರಕ್ಕೆ ರೈತ ಊರು ಬಿಡುವುದಿಲ್ಲ. ಉತ್ತರ ಕರ್ನಾಟಕದ ಮನೆಗಳಲ್ಲಿ ನೆಲ ಅಗೆದು ಜೋಳ ತುಂಬಿಡುವ ಹಗೇವು ಇರುತ್ತಿತ್ತು. ಹೊಲಕ್ಕೆ ಬಾವಿಯೂ ಹಾಗೆಯೇ. ಆದರೆ ದಖ್ಖನಿನ ಕರಿಗಲ್ಲು ನೀರನ್ನು ಬಿರುಕುಗಳಲ್ಲಿ, ಮೇಲಿನ ಸವೆದ ಪದರದಲ್ಲಿ ಮಾತ್ರ ಹಿಡಿಯುತ್ತದೆ, ಹಗೇವು ಚಿಕ್ಕದು. ಅದಕ್ಕೇ ಕೆರೆ ಬೇಕು. ಕೆರೆಯ ನೀರು ಇಂಗಿದರೆ ಕೆಳಗಿನ ಬಾವಿಗಳಿಗೆ ಜೀವ. ಆದಿಲಶಾಹಿಗಳು ವಿಜಯಪುರದಲ್ಲಿ 1620ರಲ್ಲಿ ತಾಜ್ ಬಾವಡಿ, 1651ರಲ್ಲಿ ಬೇಗಂ ತಲಾಬ್ ಕಟ್ಟಿಸಿದ್ದು ಪಟ್ಟಣಕ್ಕಾಗಿ. ಹೊಲಗಳನ್ನು ಕಾದದ್ದು ಹೆಸರಿಲ್ಲದ ಊರಗೆರೆಗಳು.

ಈ ನೀರಿನ ಬೆಲೆಯನ್ನು ಮುಂಬಯಿಯ ಲೆಕ್ಕದಲ್ಲೇ ಹೇಳುತ್ತೇನೆ. ಒಂದು ಎಕರೆಗೆ ಒಂದು ಇಂಚು ನೀರು ಅಂದರೆ ಸುಮಾರು 1 ಲಕ್ಷ ಲೀಟರ್, ಹತ್ತು ಸಾವಿರ ಲೀಟರಿನ ಹತ್ತು ಟ್ಯಾಂಕರ್! ನಮ್ಮ ಸೊಸೈಟಿಗೆ ಒಂದು ಟ್ಯಾಂಕರ್ ತರಿಸಿದರೇ ಮೀಟಿಂಗಿನಲ್ಲಿ ಜಗಳ. ತೊಗರಿ ಹೂ ಬಿಟ್ಟಾಗ ಮಳೆ ಕೈಕೊಟ್ಟರೆ, ಬಾವಿಯಿಂದ ಕೊಡುವ ಒಂದೇ ನೀರು ಬೀಜ, ಗೊಬ್ಬರ, ಆಳಿನ ಖರ್ಚನ್ನೆಲ್ಲ ಉಳಿಸುತ್ತದೆ. ಒಳ್ಳೆಯ ಮಳೆಯ ವರ್ಷ ಅದೇ ನೀರಿಗೆ ಅಷ್ಟು ಬೆಲೆಯಿಲ್ಲ. ಅಂತರ್ಜಲದ ಬೆಲೆ ಗೊತ್ತಾಗುವುದು ಕೆಟ್ಟ ವರ್ಷದಲ್ಲಿ.

ಆಮೇಲೆ ಬೋರ್‌ವೆಲ್ ಬಂತು. ಕರ್ನಾಟಕದಲ್ಲಿ 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತ, ಬೋರ್ ಕೊರೆಸುವುದು ಉಚಿತವಲ್ಲ. ಒಬ್ಬರು ಆಳಕ್ಕೆ ಹೋದರೆ ಪಕ್ಕದವರ ತೆರೆದ ಬಾವಿ ಒಣಗುತ್ತದೆ; ಅವರೂ ಕೊರೆಸುತ್ತಾರೆ. ನೀರು ಬೀಳದಿದ್ದರೆ ಅಡವಿಟ್ಟ ಬಂಗಾರ ಮನೆಗೆ ಬರುವುದಿಲ್ಲ. ಅದು ಸಾಮಾನ್ಯವಾಗಿ ಹೆಂಗಸರ ಬಂಗಾರ. ಈ ನಷ್ಟ ಯಾವ ಸರ್ಕಾರಿ ಲೆಕ್ಕದಲ್ಲಿ ಸೇರುತ್ತದೋ!

ಕಳೆದ ದಶಕದಿಂದ ವಿಜಯಪುರ ಜಿಲ್ಲೆಯಲ್ಲಿ ಕೃಷ್ಣೆಯ ನೀರನ್ನು ಎತ್ತಿ ಹಳೆಯ ಕೆರೆಗಳಿಗೆ ತುಂಬಿಸುತ್ತಿದ್ದಾರೆ; ಸುತ್ತಲಿನ ಬಾವಿಗಳಲ್ಲಿ ಮತ್ತೆ ನೀರು ಕಂಡಿದೆ. ಧಾರಾವಿಯಲ್ಲಿದ್ದು ಊರಲ್ಲಿ ಎರಡೆಕರೆ ಉಳಿಸಿಕೊಂಡವರು ಅದನ್ನು ಮಾರುವ ಮೊದಲು ಕೆರೆ ಎಷ್ಟು ದೂರವಿದೆ ಎಂದು ನೋಡಿಕೊಂಡರೆ ಒಳ್ಳೆಯದು.