ವೀರಗಲ್ಲುಗಳಲ್ಲಿ ಪರಾರ್ಥ, ಸ್ವಾರ್ಥ ಮತ್ತು ಋಣ

ಪರರಿಗಾಗಿ ಪ್ರಾಣವನ್ನೊಪ್ಪಿಸಿದವನು ನಿಜವಾಗಿ ಪರರನ್ನೇ ಉದ್ದೇಶಿಸಿದನೋ, ಸ್ವರ್ಗಕೀರ್ತಿಗಳೆಂಬ ತನ್ನ ಲಾಭವನ್ನು ಉದ್ದೇಶಿಸಿದನೋ ಎಂಬ ಸಂಶಯವು ಬಹು ಹಳೆಯದು. ಯಾಜ್ಞವಲ್ಕ್ಯನು ಮೈತ್ರೇಯಿಗೆ ಮಾಡಿದ ಉಪದೇಶವನ್ನು ಆಧಾರವಾಗಿ ಹಿಡಿದು, ಪ್ರೀತಿಯೆಲ್ಲವೂ ಸ್ವಾರ್ಥವೇ ಎಂದು ವಾದಿಸುವವರುಂಟು. ಬೃಹದಾರಣ್ಯಕದ ಆ ಪ್ರಕರಣವು ಆತ್ಮಜ್ಞಾನದಲ್ಲಿ ಪರ್ಯವಸಾನವಾಗುವುದರಿಂದ ಅದನ್ನು ಲೋಕದ ಸ್ವಾರ್ಥಕ್ಕೆ ಎಳೆಯುವುದು ಸಾಧುವಲ್ಲ. ಕನ್ನಡನಾಡಿನಲ್ಲಿ ಈ ವಿಚಾರಕ್ಕೆ ಗ್ರಂಥಕ್ಕಿಂತ ಶಿಲೆಯ ಸಾಕ್ಷ್ಯವೇ ಹೆಚ್ಚು.

ವೀರಗಲ್ಲುಗಳು ಸಾಮಾನ್ಯವಾಗಿ ಮೂರು ಹಂತದವು. ಕೆಳಗೆ ಕಾಳಗ, ನಡುವೆ ವೀರನನ್ನು ಕೊಂಡೊಯ್ಯುವ ಅಪ್ಸರೆಯರು, ಮೇಲೆ ದೇವಸನ್ನಿಧಿ. ತುರುಗಳನ್ನು ಮರಳಿಸುವಲ್ಲಿಯೋ ಊರಳಿವಿನಲ್ಲಿಯೋ ಮಡಿದವನ ಮನೆಯವರಿಗೆ ನೆತ್ತರುಗೊಡಗೆಯಾಗಿ ಭೂಮಿಯನ್ನು ಬಿಟ್ಟದ್ದೂ ಶಾಸನಗಳಿಂದ ತಿಳಿಯುತ್ತದೆ. ಮೇಲೆ ಸ್ವರ್ಗ, ಕೆಳಗೆ ಭೂಮಿ. ಇಲ್ಲಿ ಪರಾರ್ಥಕ್ಕೆ ಎಡೆಯೆಲ್ಲಿ ಎಂಬುದು ಪೂರ್ವಪಕ್ಷವು. ಪ್ರಯೋಜನವಿಲ್ಲದೆ ಮಂದನೂ ಪ್ರವರ್ತಿಸನೆಂಬ ಭಟ್ಟಪಾದರ ಅಭಿಪ್ರಾಯವೂ, ಫಲವು ಹೇಳಲ್ಪಡದಿದ್ದಲ್ಲಿ ಸ್ವರ್ಗವನ್ನೇ ಫಲವೆಂದು ಕಲ್ಪಿಸುವ ವಿಶ್ವಜಿನ್ನ್ಯಾಯವೂ ಈ ಪಕ್ಷಕ್ಕೆ ಬಲ ಕೊಡುತ್ತವೆ.

ಆದರೆ ಆ ಶಿಲೆಯನ್ನು ನಿಲ್ಲಿಸಿದವರು ಯಾರು? ಸತ್ತವನಲ್ಲ, ಉಳಿದವರು. ಅಪ್ಸರೆಯರನ್ನು ಕೆತ್ತಿಸಿದ್ದು ಅಣ್ಣನೋ ಮಗನೋ ಒಡೆಯನೋ ಊರವರೋ ಆಗಿರುವುದರಿಂದ, ಆ ಚಿತ್ರವು ಅವರ ಆಶಯಕ್ಕೆ ಪ್ರಮಾಣವೇ ಹೊರತು ಮಡಿದವನ ಸಂಕಲ್ಪಕ್ಕಲ್ಲ. ವಿಶ್ವಜಿತ್ತಿನಲ್ಲಿಯೂ ಫಲವನ್ನು ಕಲ್ಪಿಸುವವನು ವ್ಯಾಖ್ಯಾತೃವೇ. ಇತರರಿಗೆ ಕಲ್ಲು ನಿಂತುದನ್ನು ಆ ವೀರನು ಬಾಲ್ಯದಿಂದ ಕಂಡಿದ್ದನಲ್ಲವೇ ಎಂದರೆ, ಕಂಡಿದ್ದನೆಂದೇ ಒಪ್ಪಬೇಕು. ಫಲವನ್ನು ಅರಿತಿರುವುದು ಬೇರೆ, ಫಲಕ್ಕಾಗಿ ಮಾಡುವುದು ಬೇರೆ. ಹಣ್ಣಿಗಾಗಿ ಮಾವನ್ನು ನೆಟ್ಟವನಿಗೆ ನೆರಳೂ ಗಂಧವೂ ತಾವಾಗಿ ಒದಗುವಂತೆ ಧರ್ಮವನ್ನು ಆಚರಿಸಿದವನಿಗೆ ಲೌಕಿಕಲಾಭಗಳು ಹಿಂಬಾಲಿಸುತ್ತವೆಂದು ಆಪಸ್ತಂಬರು ತಮ್ಮ ಧರ್ಮಸೂತ್ರದಲ್ಲಿ ಈ ಭೇದವನ್ನು ತೋರಿಸಿದ್ದಾರೆ.

ಈಗ ಬೆಂಗಳೂರಿನ ಸರಕಾರೀ ವಸ್ತುಸಂಗ್ರಹಾಲಯದಲ್ಲಿರುವ ಆತಕೂರಿನ ಕಲ್ಲನ್ನು ನೋಡತಕ್ಕದ್ದು. ಸುಮಾರು ಕ್ರಿ. ಶ. 949-50ರ ಈ ಶಾಸನವು ತಕ್ಕೋಲದ ಯುದ್ಧಕ್ಕಾಗಿ ಚರಿತ್ರಕಾರರಿಗೆ ಪ್ರಸಿದ್ಧವಾದದ್ದು. ಗಂಗ ಬೂತುಗನು ಮೆಚ್ಚಿದಾಗ ಮಣಲೇರನು ಬೇಡಿದ್ದು ಕಾಳಿಯೆಂಬ ನಾಯಿಯನ್ನು. ಅದು ಹಂದಿಯೊಡನೆ ಹೋರಾಡಲು ಎರಡೂ ಮಡಿದುವು; ನಾಯಿಗೆ ಕಲ್ಲು ನಿಂತಿತು, ಭೂಮಿಯೂ ಬಿಡಲ್ಪಟ್ಟಿತು. ಪಶುಗಳಿಗೆ ಕಾಲಾಂತರದ ಫಲದಲ್ಲಿ ಅಪೇಕ್ಷೆಯಿಲ್ಲವಾಗಿ ಕರ್ಮಾಧಿಕಾರವಿಲ್ಲವೆಂಬುದು ಮೀಮಾಂಸಕರ ಸಿದ್ಧಾಂತ. ನಾಯಿಗಳು ಚತುರ್ದಶಿಯಂದು ಉಪವಾಸವಿರುವುದು ಕಾಣುತ್ತದಲ್ಲಾ ಎಂಬ ವಿನೋದವಾದ ಶಂಕೆಗೆ, ಅದು ರೋಗಾದಿಗಳಿಂದಾದೀತೆಂದು ಶಬರಸ್ವಾಮಿಗಳು ಉತ್ತರ ಹೇಳಿದ್ದಾರೆ. ಹಾಗಾದರೆ ಕಾಳಿಗೆ ಸ್ವರ್ಗೇಚ್ಛೆಯಿರಲಾರದು, ಕೀರ್ತಿಯ ಆಸೆಯೂ ಇರಲಾರದು. ಬೇಟೆಯು ಅದರ ಜಾತಿಸ್ವಭಾವವಾದುದರಿಂದ ಅದನ್ನು ಪರಾರ್ಥವೆಂದು ಹೊಗಳುವುದೂ ಅತಿಯಾದೀತು. ಆದರೂ ಮನುಷ್ಯವೀರನಿಗೆ ಸಲ್ಲುವ ಗೌರವವನ್ನೇ ಅದಕ್ಕೆ ಸಲ್ಲಿಸಿದ ಜನರು, ಫಲಾಪೇಕ್ಷೆಯನ್ನು ವೀರತ್ವದ ಲಕ್ಷಣವಾಗಿ ಎಣಿಸಲಿಲ್ಲವೆಂಬುದು ಇದರಿಂದ ಸ್ಪಷ್ಟ.

ಪರಾರ್ಥ ಸ್ವಾರ್ಥಗಳೆಂಬ ಎರಡೇ ಕೋಟಿಗಳನ್ನು ಇಟ್ಟುಕೊಂಡು ನಡೆಸುವ ವಾದಕ್ಕೆ ಹಳಗನ್ನಡದ ಶಬ್ದಗಳೇ ಅಡ್ಡ ಬರುತ್ತವೆ. ಜೋಳವಾಳಿಯೆಂದರೆ ಉಂಡ ಅನ್ನಕ್ಕೆ ಸಲ್ಲಿಸಬೇಕಾದ ಋಣ. ವೇಳೆವಾಳಿಯೆಂದರೆ ಒಡೆಯನ ಮರಣಸಮಯದಲ್ಲಿ ನಡೆಸಬೇಕಾದ ಭಾಷೆ. ಋಣವನ್ನು ತೀರಿಸುವವನು ದಾನಿಯೂ ಅಲ್ಲ, ಲಾಭಾರ್ಥಿಯೂ ಅಲ್ಲ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದಲ್ಲಿರುವ ಕುವರ ಲಕ್ಷ್ಮನ ಸ್ತಂಭಶಾಸನವು ಇದಕ್ಕೆ ಉದಾಹರಣೆ. ಇಮ್ಮಡಿ ವೀರಬಲ್ಲಾಳನು 1220ರಲ್ಲಿ ತೀರಿಕೊಳ್ಳಲು, ದಂಡನಾಯಕನಾದ ಲಕ್ಷ್ಮನೂ ಆತನ ಪತ್ನಿ ಸುಗ್ಗಲದೇವಿಯೂ ಭಾಷೆಗೆ ತಪ್ಪದೆ ಪ್ರಾಣತ್ಯಾಗ ಮಾಡಿದರು. ಲಕ್ಷ್ಮನು ಅರಸನಿಗೆ ಮಗನಂತಿದ್ದವನು. ಆತನ ಋಣವು ಸುಲಭವಾಗಿ ತಿಳಿಯುತ್ತದೆ. ಅವನೊಡನೆ ಪ್ರಾಣವಿತ್ತ ಸಾವಿರ ವೀರರ ಋಣವು ಬಲ್ಲಾಳನಿಗೋ ಲಕ್ಷ್ಮನಿಗೋ ಎಂಬುದು ಇನ್ನೂ ವಿಚಾರಾರ್ಹವಾಗಿದೆ. ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುತ್ತಿರುವ ವೀರರನ್ನು ಮಾತ್ರ ಶಿಲ್ಪಿಯು ಆ ಕಂಬದ ಸುತ್ತ ಬಿಡಿಸಿದ್ದಾನೆ. ಅಪ್ಸರೆಯರಿಗಿಂತ ಅವರ ಕತ್ತಿಗಳೇ ಅಲ್ಲಿ ನೋಡುವವರ ಕಣ್ಣಿಗೆ ಬೀಳುತ್ತವೆ.